ಅಪ್ಪನ ಸಾಕೆಟ್ಟಿನೊಳಗಿನ ಒತ್ತಡ ಮತ್ತು ಎಳೆತ

ಮಧುಮೇಹದ ಕಾರಣದಿಂದ ನಮ್ಮ ತಂದೆಯವರ ಬಲಗಾಲನ್ನು ಮಂಡಿಯ ಕೆಳಗೆ ತೆಗೆಯಬೇಕಾಗಿ ಬಂದು ಮೂರು ವರ್ಷಗಳಾದವು. ಕೃತಕ ಕಾಲು ಹಾಕಿಕೊಂಡು ಬೆಳಗಿನ ನಡಿಗೆಗೆ ಹೋಗತೊಡಗಿದ ಎರಡನೆಯ ತಿಂಗಳಲ್ಲಿ, ಒಂದು ಸಂಜೆ ಸಾಕೆಟ್, ಅಂದರೆ ಉಳಿದ ಕಾಲು ಕೂರುವ ಕೃತಕ ಕಾಲಿನ ಗಟ್ಟಿ ಚಿಪ್ಪು, ಬಿಚ್ಚಿದಾಗ, ಕಣಕಾಲಿನ (ಮಂಡಿಯ ಕೆಳಗಿನ) ಮೂಳೆಯ ತುದಿಯಲ್ಲಿ ರೂಪಾಯಿ ನಾಣ್ಯದಷ್ಟಗಲ ಚರ್ಮ ಸುಲಿದಿತ್ತು. "ಏನೂ ನೋವಿಲ್ಲಮ್ಮ" ಎಂದರು. ನನ್ನನ್ನು ಸಮಾಧಾನಪಡಿಸಲು ಆಡಿದ ಮಾತಲ್ಲ ಅದು. ಸಕ್ಕರೆ ಕಾಯಿಲೆಯಿಂದ ನರಗಳು ಮಂದವಾಗಿ ಅವರಿಗೆ ನಿಜವಾಗಿಯೂ ನೋವು ತಿಳಿದಿರಲಿಲ್ಲ. ಕಾಲೇಜಿನಲ್ಲಿ ಅಳತೆಯ ಉಪಕರಣಗಳ ಪಾಠ ಹೇಳುವ ನಾನು, ನರ ತಿಳಿಸದಿದ್ದುದನ್ನು ಉಪಕರಣದಿಂದ ತಿಳಿಯಬಹುದೇ ಎಂದು ಅಂದಿನಿಂದ ಓದುತ್ತಿದ್ದೇನೆ.

ಚರ್ಮದ ಅತಿ ಸಣ್ಣ ರಕ್ತನಾಳಗಳೊಳಗಿನ ಒತ್ತಡ ಸುಮಾರು 32 ಮಿಲಿಮೀಟರ್ ಪಾದರಸದಷ್ಟು, ಅಂದರೆ 4 ಕಿಲೋಪಾಸ್ಕಲ್‌ಗಿಂತ ತುಸು ಹೆಚ್ಚು ಎಂದು ಲೆಕ್ಕ ಹಾಕುತ್ತಾರೆ. ನಡೆಯುವಾಗ ಸಾಕೆಟ್ಟಿನ ಕೆಲವು ಜಾಗಗಳಲ್ಲಿ 100 ಕಿಲೋಪಾಸ್ಕಲ್ ದಾಟಿದ ಅಳತೆಗಳು ದಾಖಲಾಗಿವೆ. ಹೆಜ್ಜೆ ಎತ್ತಿದೊಡನೆ ಒತ್ತಡ ಇಳಿದು ರಕ್ತ ಮತ್ತೆ ಹರಿಯುವುದರಿಂದಲೇ ಚರ್ಮ ಇದನ್ನು ತಾಳಿಕೊಳ್ಳುತ್ತದೆ. ಅದೂ ಎಲ್ಲ ಕಡೆ ಒಂದೇ ಸಮವಾಗಿ ಅಲ್ಲ: ಮಂಡಿಚಿಪ್ಪಿನ ಕೆಳಗಿನ ಗಟ್ಟಿ ಸ್ನಾಯುರಜ್ಜು ಭಾರ ಹೊರಬಲ್ಲದು, ಕಣಕಾಲಿನ ಮೂಳೆಯ ಏಣು ಮತ್ತು ತುದಿ ಹೊರಲಾರವು.

ಒತ್ತಡವನ್ನು ಅಳೆಯಲು ಕಾಗದದಷ್ಟು ತೆಳುವಾದ ಸೆನ್ಸರ್ ಹಾಳೆಗಳಿವೆ. ಟೆಕ್‌ಸ್ಕ್ಯಾನ್ ಕಂಪನಿಯ ಎಫ್-ಸಾಕೆಟ್ ಅಂಥದ್ದು. ಚರ್ಮಕ್ಕೂ ಸಾಕೆಟ್ಟಿಗೂ ನಡುವೆ ಇದನ್ನು ಇಟ್ಟರೆ ಎಲ್ಲೆಲ್ಲಿ ಎಷ್ಟು ಒತ್ತುತ್ತಿದೆ ಎಂಬ ಚಿತ್ರ ಪರದೆಯ ಮೇಲೆ ಮೂಡುತ್ತದೆ. ಆದರೆ ದುಂಡಗಿನ ಕಾಲಿನ ಮೇಲೆ ಹಾಳೆ ಸುಕ್ಕಾದಲ್ಲಿ ಇಲ್ಲದ ಒತ್ತಡ ಕಾಣಿಸುತ್ತದೆ, ಭಾರ ಬಹಳ ಹೊತ್ತು ಕೂತರೆ ಅಂಕಿಗಳು ತಾವಾಗಿಯೇ ಸರಿಯುತ್ತವೆ. ಇದಕ್ಕಿಂತ ದೊಡ್ಡ ಕೊರತೆಯೆಂದರೆ, ಅದು ಚರ್ಮಕ್ಕೆ ನೇರವಾಗಿ ಒತ್ತುವ ಬಲವನ್ನಷ್ಟೇ ಬಲ್ಲದು. ಚರ್ಮದ ಗುಂಟ ಎಳೆಯುವ, ಎಂಜಿನಿಯರುಗಳು ಷಿಯರ್ ಎನ್ನುವ ಬಲ ಅದಕ್ಕೆ ಕಾಣುವುದಿಲ್ಲ. ಎಳೆತ ಸಾಕಷ್ಟಿದ್ದರೆ, ರಕ್ತದ ಹರಿವು ನಿಲ್ಲಲು ಬೇಕಾದ ಒತ್ತಡ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂದು ಬೆನೆಟ್ ಮತ್ತು ಸಂಗಡಿಗರು 1979ರಲ್ಲೇ ತೋರಿಸಿದ್ದರು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜೋನ್ ಸ್ಯಾಂಡರ್ಸ್ ಅವರು ಸಾಕೆಟ್ಟಿನ ಗೋಡೆಗೆ ರಂಧ್ರ ಕೊರೆದು, ಸ್ಟ್ರೇನ್ ಗೇಜ್ (ಬಲ ಬಿದ್ದಾಗ ಆಗುವ ಸೂಕ್ಷ್ಮ ಹಿಗ್ಗುಕುಗ್ಗನ್ನು ಅಳೆಯುವ ಪಟ್ಟಿ) ಅಳವಡಿಸಿದ ಸೆನ್ಸರುಗಳನ್ನು ಕೂರಿಸಿ, ಒತ್ತಡ ಎಳೆತಗಳೆರಡನ್ನೂ ಅಳೆದರು. ಅಳತೆಗೆಂದೇ ಬೇರೆ ಸಾಕೆಟ್ ಮಾಡಬೇಕಾಗುವ ಈ ವಿಧಾನ ನಮ್ಮಂಥವರ ದಿನಬಳಕೆಗೆ ಒದಗುವಂಥದ್ದಲ್ಲ.

ಹಾಗಾದರೆ ಎಳೆತಕ್ಕೆ ಕಾರಣವಾದ ಘರ್ಷಣೆಯನ್ನೇ ಕಡಿಮೆ ಮಾಡಿದರಾಯಿತಲ್ಲ ಎಂದು ನಾನೂ ಮೊದಲು ಭಾವಿಸಿದ್ದೆ. ಹಾಂಗ್‌ಕಾಂಗ್‌ನ ಜಾಂಗ್ ಮತ್ತು ಮಾಕ್ 1999ರಲ್ಲಿ ಪ್ರಕಟಿಸಿದ ಅಳತೆಗಳಲ್ಲಿ ಚರ್ಮದ ಮೇಲೆ ಸಿಲಿಕೋನಿನ ಘರ್ಷಣಾ ಗುಣಾಂಕ 0.61, ನೈಲಾನಿನದು 0.37. ನೈಲಾನೇ ಒಳ್ಳೆಯದೆಂದು ತೋರುತ್ತದೆ. ಆದರೆ ದೇಹದ ಭಾರದ ಒಂದು ಪಾಲನ್ನು ಹೊತ್ತು, ಕಾಲು ಸಾಕೆಟ್ಟಿನೊಳಗೆ ಜಾರದಂತೆ ಹಿಡಿಯುವುದೂ ಘರ್ಷಣೆಯೇ. ಅದು ತೀರ ಕಡಿಮೆಯಾದರೆ ಕಾಲು ಕೆಳಕ್ಕೆ ಇಳಿದು, ಅದೇ ಭಾರ ಒತ್ತಡವಾಗಿ ಮೂಳೆಯ ಮೇಲೆ ಬೀಳುತ್ತದೆ. ಬೆವರಿನ ತೇವವೂ ಘರ್ಷಣೆಯನ್ನು ಬದಲಿಸುವುದರಿಂದ, ಬೆಳಗಿನ ಅಳತೆ ಮಧ್ಯಾಹ್ನಕ್ಕೆ ಸಲ್ಲುವುದಿಲ್ಲ.

ತಂದೆಯವರ ಕಾಲನ್ನು ಸರಿಪಡಿಸಿದ ತಂತ್ರಜ್ಞರ ಬಳಿ ಇವ್ಯಾವ ಸೆನ್ಸರುಗಳೂ ಇರಲಿಲ್ಲ. ಅವರು ಕಾಲುಚೀಲದ ಮೇಲೆ, ಮೂಳೆ ಉಬ್ಬಿದ ಜಾಗಕ್ಕೆ ಲಿಪ್‌ಸ್ಟಿಕ್ ಬಳಿದು ಇಪ್ಪತ್ತು ಹೆಜ್ಜೆ ನಡೆಸಿದರು. ಸಾಕೆಟ್ಟಿನ ಒಳಗೋಡೆಯಲ್ಲಿ ಮೂಡಿದ್ದು ಚುಕ್ಕೆಯಲ್ಲ, ಕೆಳಮುಖವಾಗಿ ಎಳೆದ ಗೆರೆ. ಕೆಲವೇ ವಾರಗಳಲ್ಲಿ ಕಾಲು ಸೊರಗಿ ಸಾಕೆಟ್ ಸಡಿಲವಾಗಿ, ಪ್ರತಿ ಹೆಜ್ಜೆಗೂ ಚರ್ಮ ಉಜ್ಜಿಕೊಳ್ಳುತ್ತಿತ್ತೆಂದು ಅವರು ಆ ಗೆರೆಯನ್ನು ನೋಡಿಯೇ ಹೇಳಿದರು. ಗಾಯ ಪೂರ್ತಿ ಮಾಗಿದ ಮೇಲೆ ಇನ್ನೊಂದು ಕಾಲುಚೀಲ ಸೇರಿಸಿ, ಮೂಳೆಯ ಜಾಗದಲ್ಲಿ ಗೋಡೆಯನ್ನು ತುಸು ಹಿಗ್ಗಿಸಿ ಮತ್ತೆ ನಡೆಸಿದಾಗ ಗೆರೆ ಉಗುರಿನಷ್ಟಕ್ಕೆ ಮೊಟಕಾಗಿತ್ತು. ಈಗ ತಿಂಗಳಿಗೊಮ್ಮೆ ಮನೆಯಲ್ಲಿ ನಾವೇ ಲಿಪ್‌ಸ್ಟಿಕ್ ಬಳಿದು, ಗೆರೆಯ ಉದ್ದವನ್ನು ಸ್ಕೇಲಿನಿಂದ ಅಳೆದು, ದಿನಾಂಕದೊಡನೆ ಬರೆದಿಡುತ್ತಿದ್ದೇವೆ.