ಮಜಲ್‌ಲೋಡರ್ ರೈಫಲ್ ಮಾಡಿಸಬೇಕು, ಎಲ್ಲಿಂದ ಶುರು ಮಾಡ್ಲಿ?

"ಅಣ್ಣಾ, ಮೂತಿಯಿಂದ ಮದ್ದು ತುಂಬೋ ಟಾರ್ಗೆಟ್ ರೈಫಲ್ ಒಂದು ಮಾಡಿಸ್ಬೇಕಂತೀನಿ. ಕಟ್ಟಿಗೆ ಯಾವ್ದು ಆರಿಸ್ಲಿ?"

ಈ ಪ್ರಶ್ನೆ ನನಗೆ ಆಗಾಗ ಬರುತ್ತದೆ. ಕೇಳುವವರು ಹೆಚ್ಚಾಗಿ ಅಮೆರಿಕದಲ್ಲಿರುವ ನಮ್ಮ ಕಡೆಯ ಹುಡುಗರು. ನಾನು ಆರು ವರ್ಷ ಇಂಡಿಯಾನಾದಲ್ಲಿ ಕೆಲಸಕ್ಕಿದ್ದೆ. ಅಲ್ಲಿ ಫ್ರೆಂಡ್‌ಶಿಪ್ ಅಂತ ಒಂದು ಸಣ್ಣ ಊರಿದೆ. 1933ರಲ್ಲಿ ಶುರುವಾದ ರಾಷ್ಟ್ರೀಯ ಮಜಲ್‌ಲೋಡಿಂಗ್ ರೈಫಲ್ ಸಂಘದ ಶೂಟಿಂಗ್ ಮೈದಾನ ಇರುವುದು ಅಲ್ಲೇ. ಒಮ್ಮೆ ಸುಮ್ನೆ ನೋಡೋಣ ಅಂತ ಹೋದೆ. ಆ ಬಿಳಿ ಹೊಗೆ, ಗಂಧಕದ ವಾಸನೆ, ಒಂದೊಂದು ಗುಂಡಿಗೂ ಅಷ್ಟೊಂದು ತಯಾರಿ ನೋಡಿ ಮನಸ್ಸು ಅಲ್ಲೇ ನಿಂತುಬಿಟ್ಟಿತು. ಈಗ ಕಲಬುರಗಿಗೆ ವಾಪಸ್ ಬಂದಿದ್ದೇನೆ, ಆದರೆ ಆ ಪ್ರೀತಿ ಹೋಗಿಲ್ಲ.

ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ. ಕಟ್ಟಿಗೆಯಿಂದ ಶುರು ಮಾಡಬೇಡಿ. ಗುರಿಯಿಂದ ಶುರು ಮಾಡಿ, ಅಲ್ಲಿಂದ ಹಿಂದಕ್ಕೆ ಬನ್ನಿ. ಎಷ್ಟು ದೂರಕ್ಕೆ ಹೊಡೆಯುತ್ತೀರಿ? ನಿಂತೋ, ಮಲಗಿಯೋ? ಯಾವ ಸ್ಪರ್ಧೆಯ ನಿಯಮಕ್ಕೆ? ಈ ಮೂರಕ್ಕೆ ಉತ್ತರ ಸಿಕ್ಕರೆ ಗುಂಡು ಯಾವುದು ಅಂತ ತಿಳಿಯುತ್ತದೆ. ಗುಂಡು ತಿಳಿದರೆ ನಳಿಗೆ, ನಳಿಗೆ ತಿಳಿದರೆ ಕಟ್ಟಿಗೆ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ 50 ಮೀಟರ್, 100 ಮೀಟರ್ ದೂರ. ಅರ್ಧ ಗಂಟೆಯಲ್ಲಿ 13 ಗುಂಡು ಹೊಡೆದು, ಒಳ್ಳೆಯ 10 ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಹೊಸದಾಗಿ ಮಾಡಿಸಿದ್ದಾದರೆ ಹಳೇ ಕಾಲದ ಮಾದರಿಗೆ ಸರಿಯಾಗಿ ಹೊಂದಬೇಕು. ಹಾಗಾಗಿ ನಿಯಮದ ಪುಸ್ತಕ ಓದದೆ ಒಂದು ರೂಪಾಯಿಯನ್ನೂ ಬಿಚ್ಚಬೇಡಿ.

ಈಗ ನಳಿಗೆ. ಅದರೊಳಗೆ ಸುರುಳಿಯಾಗಿ ಗೀರುಗಳಿರುತ್ತವೆ. ಗುಂಡು ತಿರುಗುತ್ತಾ ಹೊರಬರಲಿ ಅಂತ. ಎಷ್ಟು ಇಂಚಿಗೆ ಒಂದು ಸುತ್ತು ಅನ್ನುವುದೇ ಟ್ವಿಸ್ಟ್. ದುಂಡು ಗುಂಡಿಗೆ ನಿಧಾನದ ಸುತ್ತು ಸಾಕು. .50 ನಳಿಗೆಗೆ, ಅಂದರೆ ತೂತು ಅರ್ಧ ಇಂಚು ಅಗಲ ಇರುವುದಕ್ಕೆ, 66 ಇಂಚಿಗೋ 70 ಇಂಚಿಗೋ ಒಂದು ಸುತ್ತು ಇಡುತ್ತಾರೆ. ಉದ್ದನೆಯ ಗುಂಡು ಹಾಗಲ್ಲ. ಅದು ಗಾಳಿಯಲ್ಲಿ ಪಲ್ಟಿ ಹೊಡೆಯದೆ ನೆಟ್ಟಗೆ ಹೋಗಬೇಕಾದರೆ ಜೋರಾಗಿ ತಿರುಗಬೇಕು. ಉದ್ದ ಜಾಸ್ತಿಯಾದಷ್ಟೂ ಸುತ್ತು ಬಿಗಿ. ಇದಕ್ಕೆ 1879ರಲ್ಲಿ ಗ್ರೀನ್‌ಹಿಲ್ ಅನ್ನುವ ಗಣಿತಜ್ಞರು ಒಂದು ಸೂತ್ರವನ್ನೇ ಕೊಟ್ಟರು. ಅದಕ್ಕೂ ಮೊದಲೇ ಇಂಗ್ಲೆಂಡಿನ ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ ಇದನ್ನು ಮಾಡಿ ತೋರಿಸಿದ್ದರು. ಆಗ ಬ್ರಿಟಿಷ್ ಸೈನ್ಯದ ಎನ್‌ಫೀಲ್ಡ್ ನಳಿಗೆ .577, ಸುತ್ತು 78 ಇಂಚಿಗೆ ಒಂದು. ವಿಟ್‌ವರ್ತ್ ನಳಿಗೆ .451, ಆರು ಮೂಲೆಯದು, 20 ಇಂಚಿಗೆ ಒಂದು ಸುತ್ತು. 1857ರ ಪರೀಕ್ಷೆಯಲ್ಲಿ ದೂರದ ಗುರಿಗೆ ಎನ್‌ಫೀಲ್ಡ್ ಅದರ ಹತ್ತಿರಕ್ಕೂ ಬರಲಿಲ್ಲ.

ಇದು ತಿಳಿಯದೆ ನಾನು ಪೆಟ್ಟು ತಿಂದಿದ್ದೇನೆ. ಮೊದಲ ರೈಫಲ್ಲಿಗೆ ನೋಡಲು ಚೆಂದ ಅನ್ನಿಸಿದ ಒಂದು ನಳಿಗೆ ಕೊಂಡೆ. .50, 28 ಇಂಚಿಗೆ ಒಂದು ಸುತ್ತು. ಹೊಡೆಯಲು ಇಟ್ಟುಕೊಂಡಿದ್ದು ಮಾತ್ರ ದುಂಡು ಗುಂಡು. ಮದ್ದು ಕಡಿಮೆ ಹಾಕಿದರೆ ಹೇಗೋ ಸರಿಯಾಗಿ ಹೋಗುತ್ತಿತ್ತು. 100 ಮೀಟರಿಗೆ ಅಂತ ಸ್ವಲ್ಪ ಜಾಸ್ತಿ ಮಾಡಿದರೆ ಗುಂಡುಗಳು ಚೆಲ್ಲಾಪಿಲ್ಲಿ. ಕೈಯೇ ಸರಿಯಿಲ್ಲ ಅಂದುಕೊಂಡು ಎರಡು ತಿಂಗಳು ಕಳೆದೆ. ಒಂದು ದಿನ ಪಕ್ಕದಲ್ಲಿ ಹೊಡೆಯುತ್ತಿದ್ದ ಹಿರಿಯರೊಬ್ಬರು ಮುಂದೆ ಹೋಗಿ ಹುಲ್ಲಿನಲ್ಲಿ ಬಿದ್ದಿದ್ದ ನನ್ನ ಬಟ್ಟೆಚೂರುಗಳನ್ನು ಆಯ್ದು ತಂದರು. ದುಂಡು ಗುಂಡನ್ನು ಎಣ್ಣೆಬಟ್ಟೆಯ ಚೂರಿನಲ್ಲಿ ಸುತ್ತಿ ಇಳಿಸುತ್ತೇವೆ. ಗೀರಿನ ಹಿಡಿತ ಸಿಗುವುದು ಆ ಬಟ್ಟೆಗೆ. ಎಲ್ಲ ಸರಿಯಿದ್ದರೆ ಚೂರು ಹರಿಯದೆ ಸಿಗುತ್ತದೆ. ನಡುವೆ ಒಂದು ಕಪ್ಪು ದುಂಡು, ಅಂಚಿನಲ್ಲಿ ಎಳೆ ಬಿಟ್ಟಿರುತ್ತದೆ ಅಷ್ಟೆ. ನನ್ನವು ಗೀರು ಗೀರಾಗಿ ಕತ್ತರಿಸಿಹೋಗಿದ್ದವು. ದುಂಡು ಗುಂಡು ನಳಿಗೆಯನ್ನು ತಾಗುವುದು ನಡುವಿನ ಒಂದು ಸಣ್ಣ ಪಟ್ಟಿಯಲ್ಲಿ ಮಾತ್ರ. ಸುತ್ತು ಬಿಗಿಯಾಗಿ, ವೇಗವೂ ಜಾಸ್ತಿಯಾದರೆ ಗೀರು ಹಿಡಿದು ತಿರುಗುವ ಬದಲು ಜಾರಿಕೊಂಡು ಹೋಗುತ್ತದೆ. ಆ ನಳಿಗೆಯನ್ನು ಮಾರಿ ಬೇರೆ ಕೊಂಡೆ. ನಳಿಗೆ ಯಾವತ್ತೂ ಪರೀಕ್ಷೆಯಾದದ್ದೇ ಇರಲಿ, ಮದ್ದು ಕರಿಮದ್ದೇ ಇರಲಿ. ಈಗಿನ ಹೊಗೆಯಿಲ್ಲದ ಮದ್ದು ಚಿಟಿಕೆಯಷ್ಟೂ ಬೇಡ. ನಳಿಗೆ ಸಿಡಿದರೆ ಹೋಗುವುದು ನಿಮ್ಮ ಕಣ್ಣು, ಕೈ.

ಮದ್ದಿಗೆ ಕಿಡಿ ಯಾವುದು, ಚಕಮಕಿ ಕಲ್ಲೋ, ಪೆಟ್ಟು ಬಿದ್ದರೆ ಸಿಡಿಯುವ ಸಣ್ಣ ಕ್ಯಾಪೋ? ಮೊದಲ ರೈಫಲ್ಲಿಗೆ ಕ್ಯಾಪ್ ಅನ್ನುತ್ತೇನೆ. ಚಕಮಕಿ ಚೆಂದ, ಆದರೆ ಅದಕ್ಕೆ ಬೇರೆಯೇ ತಾಳ್ಮೆ ಬೇಕು.

ಆಮೇಲೆ ಮೈ ಅಳತೆ. ಇಲ್ಲಿ ನಮ್ಮ ಊರಿನ ಬಡಿಗೇರ ಕಾಕಾ ನನಗೆ ಕಲಿಸಿದ್ದು ಬಹಳ. ಅವರ ಅಂಗಡಿಯಲ್ಲಿ ಬೇವಿನ ಹಲಗೆಯಿಂದ ಬರೀ ಸ್ಟಾಕಿನ, ಅಂದರೆ ಹೆಗಲಿಗೆ ಇಡುವ ಕಟ್ಟಿಗೆಯ, ಆಕಾರ ಮಾಡಿಸಿದ್ದೇನೆ. ನಳಿಗೆ ಇಲ್ಲ, ಕಿಡಿ ಹೊತ್ತಿಸುವ ಲಾಕ್ ಇಲ್ಲ. ಟ್ರಿಗರ್ ಜಾಗದಲ್ಲಿ ಒಂದು ಮೊಳೆ, ಮೇಲೆ ಗುರಿ ಹಿಡಿಯಲು ಎರಡು ಮೊಳೆ. ಟ್ರಿಗರಿನಿಂದ ಹಿಂತುದಿಗೆ ಹದಿಮೂರೂವರೆ ಇಂಚು ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ಹೇಳಿದೆ. ಕಾಕಾ ಒಪ್ಪಲಿಲ್ಲ. "ರೈತನ ಎತ್ತರ ನೋಡ್ದೆ ಕುಂಟಿಗೆ ಮೇಳಿ ಇಡ್ತಾರೇನ್ರಿ? ಕಣ್ ಮುಚ್ರಿ. ಹೆಗಲಿಗಿ ಏರಿಸ್ರಿ. ಈಗ ಕಣ್ ತೆಗೀರಿ." ತೆಗೆದೆ. ಮುಂದಿನ ಮೊಳೆ ಹಿಂದಿನದಕ್ಕಿಂತ ಬಹಳ ಮೇಲೆ ಕಾಣುತ್ತಿತ್ತು. ಕೆನ್ನೆ ತಾಗುವ ಕಡೆ ಎರಡು ಸಲ ರಂದಾ ಎಳೆದರು, ಮತ್ತೆ ಕಣ್ಣು ಮುಚ್ಚಿಸಿದರು. ಹೀಗೇ ಏಳೆಂಟು ಸಲ, ಒಮ್ಮೆ ಕೆನ್ನೆಯ ಕಡೆ, ಒಮ್ಮೆ ಹಿಂತುದಿ. ಕೊನೆಗೆ ಕಣ್ಣು ತೆಗೆದ ಕೂಡಲೇ ಎರಡೂ ಮೊಳೆ ಒಂದೇ ಗೆರೆಯಲ್ಲಿ ನಿಂತವು. ಟೇಪು ಹಿಡಿದರೆ ನನ್ನ ಅಳತೆ ಹದಿಮೂರು ಇಂಚಿಗಿಂತ ಒಂದು ನೂಲು ಕಡಿಮೆ!

ರೈಫಲ್ ಮಾಡುವವರಿಗೆ ತೋರಿಸಲು ಆ ಬೇವಿನ ತುಂಡು ನೂರು ಫೋಟೋಗಿಂತ ಮೇಲು. ನೀವೂ ಹಾಗೇ ಮಾಡಿ, ಮೇಪಲ್ಲೋ ವಾಲ್‌ನಟ್ಟೋ ಆಮೇಲೆ ಆರಿಸಿದರಾಯಿತು. ಹಿಂತುದಿ ಅರ್ಧಚಂದ್ರದ ಹಾಗೆ ಬಾಗಿದ್ದರೆ ಅದನ್ನು ಇಡಬೇಕಾದ್ದು ತೋಳಿನ ಮೇಲೆ, ಹೆಗಲ ಗುಂಡಿಗೆ ಅಲ್ಲ. ಮಲಗಿ ಹೊಡೆಯುವವರಿಗೆ ಚಪ್ಪಟೆ ತುದಿಯೇ ಹಿತ. ಇನ್ನೊಂದು ವಿಷಯ. ಹೊರಗಿನ ಅಳತೆ ಒಂದೇ ಇದ್ದರೆ ಸಣ್ಣ ತೂತಿನ ನಳಿಗೆಯೇ ಜಾಸ್ತಿ ತೂಕ, ಒಳಗೆ ಉಕ್ಕು ಉಳಿದಿರುತ್ತದಲ್ಲ. ನಿಂತು ಹೊಡೆಯುವವರು ಆ ತೂಕದಷ್ಟೇ ಮರಳಿನ ಚೀಲವನ್ನು ಬೇವಿನ ತುಂಡಿಗೆ ಕಟ್ಟಿ ಅರ್ಧ ಗಂಟೆ ಹಿಡಿದು ನೋಡಲಿ.

ಇಲ್ಲಿನ ಹುಡುಗರೂ ಕೇಳುತ್ತಾರೆ. ಸುರಪುರದ ಒಬ್ಬ ತಮ್ಮ ಮನೆಗೇ ಬಂದಿದ್ದ. "ವಾಗಣಗೇರಾ ಕೋಟ್ಯಾಗ ಔರಂಗಜೇಬನ ದಂಡಿಗೆ ಎದುರು ನಿಂತ ಬೇಡರ ಬಂದೂಕಿನವರು ನಮ್ಮೋರೇ ಅಣ್ಣಾ. ನನಗೂ ಒಂದ್ ಮಾಡಿಸ್ಬೇಕು" ಅಂದ. 1705ರ ಆ ಮುತ್ತಿಗೆಯ ಹೆಮ್ಮೆ ನನಗೂ ಇದೆ. ಆದರೂ ಅವನಿಗೆ ನೇರವಾಗಿ ಹೇಳಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳುವಂತಿಲ್ಲ, ಮಾಡುವಂತೆಯೂ ಇಲ್ಲ. ಗುಂಡು ಹಾರಿಸುವ ಸ್ಥಿತಿಯಲ್ಲಿದ್ದರೆ ಹಳೇ ಮಾದರಿ ಅಂತ ಬಿಡುವುದಿಲ್ಲ. ಬೆಳೆ ಕಾಯಲು ಮೂತಿಯಿಂದ ತುಂಬುವ ಬಂದೂಕಿಗೆ ಲೈಸೆನ್ಸ್ ಕೊಡುವ ಮಾತು ಅದೇ ಕಾಯ್ದೆಯ 13ನೇ ಕಲಮಿನಲ್ಲಿದೆ. ತೊಗರಿ ಹೊಲಕ್ಕೆ ಹಂದಿ ನುಗ್ಗುವ ರೈತನ ಮಾತು ಅದು, ಟಾರ್ಗೆಟ್ ಆಟದ್ದಲ್ಲ. ಕುಲುಮೆಯಲ್ಲಿ ಪೈಪು ಕೊರೆಸಿ ನೋಡೋಣ ಅನ್ನುವ ಆಸೆ ಇದ್ದರೆ ಇವತ್ತೇ ಬಿಡು ಅಂದೆ. 10 ಮೀಟರ್ ಏರ್ ರೈಫಲ್ ಹಿಡಿ. ಉಸಿರು, ಕೆನ್ನೆ, ಬೆರಳು ಮೂರರ ಪಾಠವೂ ಅದರಲ್ಲೇ ಇದೆ.

ಅವನ ಮುಖ ಸಣ್ಣದಾಯಿತು. ಕಾಕಾನ ಅಂಗಡಿಗೆ ಕರೆದುಕೊಂಡು ಹೋಗಿ ಬೇವಿನ ತುಂಡು ಕೈಗೆ ಕೊಟ್ಟೆ. ಕಣ್ಣು ಮುಚ್ಚಿ ಹೆಗಲಿಗೆ ಏರಿಸಿದ. ಅವನ ತೋಳು ನನಗಿಂತ ಉದ್ದ. ಕಾಕಾ ಏನೂ ಹೇಳದೆ ಹಿಂತುದಿಗೆ ಒಂದು ಪಟ್ಟಿ ಇಟ್ಟು ಮೊಳೆ ಹೊಡೆಯಲು ಶುರು ಮಾಡಿದರು.