ಲೆಕ್ಕ ಯಾರು ಇಡ್ತಾರ?

ರಾಯಚೂರು ಎಪಿಎಂಸಿ ಯಾರ್ಡಿನಲ್ಲಿ ಮೂವತ್ತು ವರ್ಷದಿಂದ ಚೀಲ ಹೊರುವ ಕಾಕಾ ಒಬ್ಬರಿದ್ದಾರೆ. ಹೋದ ವಾರ ಚಹಾ ಕುಡಿಯುವಾಗ ಕೇಳಿದೆ, ದುಡಿಯುವವರದೇ ಒಂದು ಪಕ್ಷ ಮಾಡಿದರೆ ತಿಂಗಳಿಗೆ ಇಪ್ಪತ್ತು ರೂಪಾಯಿ ಕೊಡ್ತೀರಾ ಕಾಕಾ? ಕತ್ತಿಗೆ ಅಂಟಿದ್ದ ಹತ್ತಿ ಎಳೆಗಳನ್ನು ಟವೆಲಿನಿಂದ ಒರೆಸಿಕೊಂಡು ಹೇಳಿದರು, "ಕೊಡ್ತೀನಿ ತಮ್ಮಾ. ಆದ್ರ ಲೆಕ್ಕ ಯಾರು ಇಡ್ತಾರ?"

ಗೆಲ್ತೀವಾ ಅಂತ ಕೇಳಲಿಲ್ಲ. ಕ್ಯಾಂಡಿಡೇಟ್ ಯಾವ ಜಾತಿ ಅಂತಲೂ ಕೇಳಲಿಲ್ಲ. ಅವತ್ತಿನಿಂದ ಆ ಮಾತು ತಲೆಯಲ್ಲಿ ಕೂತಿದೆ.

ನಮ್ಮ ಕಡೆ ಸಂಘಗಳಿಗೆ ಬರವಿಲ್ಲ. ಹಟ್ಟಿ ಚಿನ್ನದ ಗಣಿಯಲ್ಲಿದೆ, ಹಮಾಲರಿಗಿದೆ, ಅಂಗನವಾಡಿ ಅಕ್ಕಂದಿರಿಗಿದೆ. ಧರಣಿ ಅಂದರೆ ಎಲ್ಲರೂ ಒಟ್ಟಿಗೆ ಬಿಸಿಲಲ್ಲಿ ಕೂರುತ್ತೇವೆ. ಚುನಾವಣೆ ಬಂತೋ, ಅದೇ ಜನ ಜಾತಿ ನೋಡಿ, ಧಣಿ ನೋಡಿ ಒಂದೊಂದು ಕಡೆ ಹೋಗುತ್ತಾರೆ. ಎಡ ಪಕ್ಷಗಳಿವೆ, ನಿಜ, ಹೋರಾಟಕ್ಕೆ ಮೊದಲು ಬರುವವರೂ ಅವರೇ. ಆದರೆ ತೀರ್ಮಾನ ಮೇಲಿಂದ ಬರುತ್ತದೆ, ಹಮಾಲ ಕೇಳಿಸಿಕೊಳ್ಳುತ್ತಾನೆ. ಇದು ತಿರುಗಬೇಕು ಅಂತ ನನಗೆ ಅನಿಸುತ್ತದೆ.

ಬ್ರಿಟನ್ನಿನಲ್ಲಿ 1900ರಲ್ಲಿ ಕಾರ್ಮಿಕ ಸಂಘಗಳೂ ಸಮಾಜವಾದಿ ಗುಂಪುಗಳೂ ಸೇರಿ ಒಂದು ಸಮಿತಿ ಮಾಡಿಕೊಂಡವು. ಮೊದಮೊದಲು ಬಹಳ ಸಂಘಗಳು ದೂರವೇ ಉಳಿದವು. 1901ರಲ್ಲಿ ಟಾಫ್ ವೇಲ್ ರೈಲ್ವೆ ಮುಷ್ಕರದ ನಷ್ಟವನ್ನು ಸಂಘವೇ ಕಟ್ಟಿಕೊಡಬೇಕಾಗುತ್ತದೆ ಅನ್ನುವ ತೀರ್ಪು ಬಂತು ನೋಡಿ, ಆಗ ಒಂದೊಂದಾಗಿ ಬಂದು ಸೇರಿದವು. 1906ರ ಪಾರ್ಲಿಮೆಂಟ್ ಚುನಾವಣೆಯಲ್ಲಿ ಆ ಸಮಿತಿಯ 29 ಜನ ಗೆದ್ದರು. ಅದೇ ಲೇಬರ್ ಪಕ್ಷ.

ಅಷ್ಟು ದೂರ ಯಾಕೆ, 1936ರಲ್ಲಿ ಅಂಬೇಡ್ಕರ್ ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿದರಲ್ವಾ. ಕೊಂಕಣದ ಖೋತಿ ಜಮೀನುದಾರಿಕೆ ತೆಗೆಯಬೇಕು ಅಂತ ಮಸೂದೆ ತಂದರು. 1938ರ ನವೆಂಬರ್ 7ರಂದು, ಮುಷ್ಕರದ ಹಕ್ಕನ್ನು ಕಟ್ಟಿಹಾಕುವ ಮಸೂದೆಯ ವಿರುದ್ಧ ಕಮ್ಯುನಿಸ್ಟರ ಜೊತೆ ಸೇರಿ ಮುಂಬೈಯಲ್ಲಿ ಮುಷ್ಕರ ಮಾಡಿಸಿದರು. ಅದೇ ವರ್ಷ ಮನ್ಮಾಡಿನಲ್ಲಿ ದಲಿತ ರೈಲ್ವೆ ಕಾರ್ಮಿಕರ ಮುಂದೆ, ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ ಎರಡೂ ನಮ್ಮ ಶತ್ರುಗಳು ಅಂದರು. ನಮ್ಮ ಯಾರ್ಡಿನಲ್ಲಿ ಒಂದೇ ಲಾರಿಗೆ ಚೀಲ ಏರಿಸುವ ನಾಲ್ಕು ಜನ ಸಂಜೆ ಊರಿಗೆ ಹೋದರೆ ಬೇರೆ ಬೇರೆ ಕೇರಿಯವರು. ಜಾತಿ ಮಾತು ಆಮೇಲೆ ನೋಡೋಣ ಅನ್ನುವ ಪಕ್ಷಕ್ಕೆ ಆ ನಾಲ್ವರೂ ಬರುವುದಿಲ್ಲ.

ಇನ್ನು ದುಡ್ಡು. ಪಕ್ಷ ನೋಂದಣಿಗೆ ಮತದಾರರಾಗಿರುವ 100 ಸದಸ್ಯರು ಸಾಕು. ಅದು ಸುಲಭ. ಆದರೆ ಗಣಿ ಮಾಲೀಕನ ಹತ್ತಿರವೋ ಗುತ್ತಿಗೆದಾರನ ಹತ್ತಿರವೋ ಒಂದು ಸಲ ಕೈ ಚಾಚಿದರೆ ಮುಗೀತು, ಆಮೇಲೆ ಅವನ ಗೇಟಿನ ಮುಂದೆ ಹೇಗೆ ಕೂರುತ್ತೀರಿ? 1926ರ ಟ್ರೇಡ್ ಯೂನಿಯನ್ ಕಾಯ್ದೆಯಲ್ಲೇ ಒಂದು ಕಲಂ ಇತ್ತು. ಸಂಘ ತನ್ನ ಸದಸ್ಯರಿಂದ ರಾಜಕೀಯ ಕೆಲಸಕ್ಕೆ ಬೇರೆ ನಿಧಿ ಎತ್ತಬಹುದು, ಕೊಡು ಅಂತ ಯಾರ ಮೇಲೂ ಒತ್ತಾಯ ಮಾಡುವ ಹಾಗಿಲ್ಲ. ನಾನು ಕೇಳಿದ ಹಮಾಲರಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ. ಯಾರೂ ಅವರಿಗೆ ಹೇಳಿಲ್ಲ!

ಗುಳೆ ಹೋದವರನ್ನೂ ಬಿಡಬಾರದು. ದೇವದುರ್ಗ, ಲಿಂಗಸುಗೂರು, ಕುಷ್ಟಗಿ ಕಡೆಯಿಂದ ಎಷ್ಟೋ ಮನೆಗಳಿಗೆ ಬೀಗ ಬಿದ್ದು ಜನ ಬೆಂಗಳೂರಿನ ಕಟ್ಟಡಗಳ ತಗಡಿನ ಶೆಡ್ಡಿನಲ್ಲಿದ್ದಾರೆ. ವೋಟಿನ ದಿನ ಮಾತ್ರ ಅವರಿಗಾಗಿ ಗಾಡಿ ಬರುತ್ತದೆ. ನಮ್ಮ ಪಕ್ಷದ ಶಾಖೆ ಆ ಶೆಡ್ಡಿನಲ್ಲೂ ಇರಬೇಕು, ರಸೀದಿ ಅಲ್ಲೂ ಹರಿಯಬೇಕು, ಅಭ್ಯರ್ಥಿ ಯಾರು ಅಂತ ಆರಿಸುವಾಗ ಅವರ ಕೈಯೂ ಎತ್ತಿರಬೇಕು.

ಮೊನ್ನೆ ಮತ್ತೆ ಯಾರ್ಡಿಗೆ ಹೋಗಿ ಹೇಳಿದೆ, ಲೆಕ್ಕ ನೀವೇ ಇಡಬೇಕು ಕಾಕಾ, ತಿಂಗಳಿಗೊಮ್ಮೆ ಎಲ್ಲರ ಮುಂದೆ ಜೋರಾಗಿ ಓದಬೇಕು. ಅವರು ಸ್ವಲ್ಪ ಹೊತ್ತು ಸುಮ್ನೆ ಇದ್ದರು. "ನನಗ ಓದಾಕ ಬರಂಗಿಲ್ಲ. ಮಗಳು ಬಿಕಾಂ ಓದ್ಯಾಳ, ಆಕಿ ಬರೀತಾಳ, ಆಕಿನೇ ಓದ್ತಾಳ," ಅಂದು ಜೇಬಿನಿಂದ ಇಪ್ಪತ್ತರ ನೋಟು ತೆಗೆದರು. ನನ್ನ ಹತ್ತಿರ ರಸೀದಿ ಪುಸ್ತಕ ಇರಲಿಲ್ಲ. ಹಾಗಾಗಿ ತೆಗೆದುಕೊಳ್ಳಲಿಲ್ಲ. ನಾಳೆ ಪಟೇಲ್ ರೋಡಿನ ಕಡೆ ಹೋಗಿ ಪ್ರಿಂಟಿಗೆ ಕೊಡಬೇಕು.