ಡ್ರೈವರ್ ದಿನಚರಿ, ಕಂತು 6: ಟವೆಲ್ಲಿಗೆ ಕಟ್ಟಿದ ಬೀಗ

ಕಡೆಗೂ ಸಿಕ್ಕಿತು! ಗಾಲ್ಫಿನಲ್ಲಿ ಹನ್ನೊಂದು ವಾರ ನನ್ನ ಜೀವ ತಿಂದ ಸ್ಲೈಸ್, ಅಂದರೆ ಚೆಂಡು ಬಲಕ್ಕೆ ವಾಲಿಕೊಂಡು ಹೋಗುವ ಕಾಟ, ಕಳೆದ ಭಾನುವಾರ ಹದಿನಾಲ್ಕು ಡ್ರೈವ್‌ಗಳಲ್ಲಿ (ಡ್ರೈವರ್ ಎಂಬ ಉದ್ದ ಕ್ಲಬ್ಬಿನಿಂದ ಹೊಡೆಯುವ ಮೊದಲ ಹೊಡೆತ) ಎರಡೇ ಸಲ ಮುಖ ತೋರಿಸಿತು. ಕಳೆದ ಕಂತು ಓದಿದವರಿಗೆ ಗೊತ್ತು, ಆಗ ಹದಿನಾಲ್ಕರಲ್ಲಿ ಹತ್ತು ಬಲಗಡೆ ಮರಗಳೊಳಗೆ ಹೋಗಿದ್ದವು. ಸ್ಟ್ಯಾನ್ಸ್ (ಕಾಲಿಟ್ಟು ನಿಲ್ಲುವ ರೀತಿ), ಟೀ (ಚೆಂಡು ಕೂರಿಸುವ ಸಣ್ಣ ಕಡ್ಡಿ) ಎತ್ತರ, ಚೆಂಡು ಎಡ ಹಿಮ್ಮಡಿಯ ನೇರಕ್ಕೆ ಇಡೋದು, ಇದೆಲ್ಲ ನಿಮಗೆ ಗೊತ್ತಿರೋದೇ. ಅದನ್ನು ಬಿಟ್ಟು ನೇರವಾಗಿ ಗಂಟು ಬಿದ್ದ ಜಾಗಕ್ಕೆ ಬರುತ್ತೇನೆ.

ನನ್ನ ಸೆವೆನ್ ಐರನ್ (ಮಧ್ಯಮ ದೂರದ ಕ್ಲಬ್) ಹೊಡೆತ ಚೆನ್ನಾಗಿದೆ. ಚೆಂಡಿಲ್ಲದೆ ಬೀಸಿದರೆ ಡ್ರೈವರ್ ಕೂಡ ಚೆನ್ನಾಗಿದೆ. ಚೆಂಡು ಟೀ ಮೇಲೆ ಕೂತ ತಕ್ಷಣ ಬೇರೆ ಯಾರೋ ಬಂದು ಕ್ಲಬ್ ಹಿಡಿದ ಹಾಗಾಗುತ್ತಿತ್ತು. ಚೆಂಡು ಸ್ವಲ್ಪ ಎಡಕ್ಕೆ ಹೊರಟು, ನೂರು ಗಜ ದಾಟುತ್ತಿದ್ದ ಹಾಗೆ ಬಲಕ್ಕೆ ವಾಲಿಕೊಂಡು ಹೋಗುತ್ತಿತ್ತು. ಫೇಸ್, ಅಂದರೆ ಚೆಂಡಿಗೆ ತಾಗುವ ಕ್ಲಬ್ಬಿನ ಮುಖ, ತೆರೆದಿದೆ (ಬಲಕ್ಕೆ ತಿರುಗಿದೆ) ಅಂತ ರೇಂಜಿನಲ್ಲಿ (ಅಭ್ಯಾಸದ ಮೈದಾನ) ಎಲ್ಲರೂ ಹೇಳಿದರು. ನಾನೂ ನಂಬಿದೆ. ಅದನ್ನು ಮುಚ್ಚಲು ಎಡಗೈಯಲ್ಲಿ ಮೂರು ಗೆಣ್ಣು ಕಾಣೋ ಹಾಗೆ, ಕೈ ಬಲಕ್ಕೆ ತಿರುಗಿಸಿ ಸ್ಟ್ರಾಂಗ್ ಗ್ರಿಪ್ ಹಿಡಿದೆ. ಮೂರು ವಾರ ಅದರಲ್ಲೇ ಹೋಯಿತು. ಫಲ ಏನು ಅಂದರೆ ಚೆಂಡು ಎಡಕ್ಕೆ ಹೊರಟು ಎಡಕ್ಕೇ ಹೋಗಿ ಬೇಲಿ ದಾಟಿತು.

ಆಮೇಲೆ ಕೂತು ಲೆಕ್ಕ ಹಾಕಿದೆ. ಚೆಂಡು ಹೊರಡುವ ದಿಕ್ಕನ್ನು ಹೆಚ್ಚಿನಂಶ ಫೇಸ್ ತೀರ್ಮಾನಿಸುತ್ತದೆ. ಅದು ವಾಲೋದು ಫೇಸ್ ಮತ್ತು ಪಾಥ್ (ಕ್ಲಬ್ ಬೀಸಿ ಬರುವ ದಾರಿ) ನಡುವಿನ ಅಂತರದಿಂದ. ನನ್ನ ಚೆಂಡು ಎಡಕ್ಕೆ ಹೊರಡುತ್ತಿತ್ತು ಅಂದರೆ ಫೇಸ್ ಗುರಿಗಿಂತ ಎಡಕ್ಕೇ ಇತ್ತು! ಪಾಥ್ ಅದಕ್ಕಿಂತ ಇನ್ನೂ ಎಡಕ್ಕಿತ್ತು. ತಪ್ಪು ಗ್ರಿಪ್ಪಿನದಲ್ಲ, ಕ್ಲಬ್ ಬರುವ ದಾರಿಯದು. ಮೂರು ವಾರ ನಾನು ಬೇರೆಯವರ ಮನೆ ಬಾಗಿಲು ತಟ್ಟುತ್ತಿದ್ದೆ.

ಗ್ರಿಪ್ ಅಂದ ಮೇಲೆ ಆ ಕಥೆಯನ್ನೂ ಹೇಳಿಬಿಡುತ್ತೇನೆ. ಸ್ಟ್ಯಾಂಡರ್ಡ್ ಸೈಜ್ ಗ್ರಿಪ್ (ಕ್ಲಬ್ಬಿನ ಹಿಡಿಯ ರಬ್ಬರ್ ಕವಚ) ಆರ್ಡರ್ ಮಾಡಿದ್ದೆ. ಹದಿನಾರು ದಿನ ಕಾದ ಮೇಲೆ ಬಂದದ್ದು ಮಿಡ್‌ಸೈಜ್. ಫೋನ್ ಮಾಡಿದರೆ ಅಂಗಡಿಯವರು "ಸಾರ್, ಸ್ವಲ್ಪ ದಪ್ಪ ಇದ್ರೆ ಒಳ್ಳೇದೇ, ಕೈ ನೋಯಲ್ಲ" ಅಂದರು. ವಾಪಸ್ ಕಳಿಸಲು ಕೊರಿಯರ್ ಖರ್ಚು ನನ್ನದಂತೆ. ಹಳೇ ಗ್ರಿಪ್ ಕೊಯ್ದು ಬಿಸಾಕಿ, ಟೇಪ್ ಸುತ್ತಿ, ಪೆಟ್ರೋಲ್ ಸವರಲು ಕೂತಿದ್ದವನಿಗೆ ಎಷ್ಟು ಸಿಟ್ಟು ಬಂದಿರಬೇಡ! ಆರ್ಡರ್ ಮಾಡುವ ಮುಂಚೆ ಪ್ಯಾಕೆಟ್ ಮೇಲಿನ ನಂಬರಿನ ಫೋಟೋ ಕೇಳಿ ತರಿಸಿಕೊಳ್ಳಿ. ಕೊಡಲ್ಲ ಅಂದರೆ ಬೇರೆ ಕಡೆ ತಗೊಳ್ಳಿ.

ಸರಿ, ಪಾಥ್ ಯಾಕೆ ಎಡಕ್ಕೆ ಹೋಗುತ್ತಿದೆ? ಫೋನನ್ನು ಸ್ಲೋ ಮೋಷನ್‌ಗೆ ಹಾಕಿ, ಸೆಕೆಂಡಿಗೆ 240 ಫ್ರೇಮ್‌ನಲ್ಲಿ ವಿಡಿಯೋ ತೆಗೆದೆ. ಚೆಂಡಿಲ್ಲದ ಸ್ವಿಂಗಿನಲ್ಲಿ ಬ್ಯಾಕ್‌ಸ್ವಿಂಗಿಗೆ (ಕ್ಲಬ್ ಮೇಲೆ ಹೋಗೋದು) 210 ಫ್ರೇಮ್, ಡೌನ್‌ಸ್ವಿಂಗಿಗೆ (ಕೆಳಗೆ ಬರೋದು) 70. ಸರಿಯಾಗಿ 3ಕ್ಕೆ 1. ಒಳ್ಳೆಯ ಪ್ರೊಫೆಷನಲ್ ಆಟಗಾರರಲ್ಲಿ ಹೆಚ್ಚಾಗಿ ಕಾಣುವ ಲೆಕ್ಕವೂ ಅದೇ. ಚೆಂಡಿಟ್ಟು ಹೊಡೆದಾಗ ಬ್ಯಾಕ್‌ಸ್ವಿಂಗ್ 150 ಫ್ರೇಮ್, ಡೌನ್‌ಸ್ವಿಂಗ್ 68. ಈ ಎರಡು ಸಂಖ್ಯೆ ನೋಡಿ ಸುಮಾರು ಹೊತ್ತು ಸುಮ್ನೆ ಕೂತುಬಿಟ್ಟೆ. ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಹೊಡೆದಿದ್ದೆ. ಅದರಿಂದ ಉಳಿದದ್ದು ಎರಡೇ ಎರಡು ಫ್ರೇಮ್. ಸೆಕೆಂಡಿನ ನೂರನೇ ಒಂದು ಭಾಗವೂ ಇಲ್ಲ. ಅವಸರವೆಲ್ಲ ಕ್ಲಬ್ ಮೇಲೆ ಹೋಗುವಾಗಲೇ ಖರ್ಚಾಗಿತ್ತು. ಮೇಲೆ ತಲುಪುವ ಮೊದಲೇ ಬಲ ಭುಜ ಮುಂದಕ್ಕೆ ನುಗ್ಗುತ್ತಿತ್ತು. ಭುಜ ಮೊದಲು ಹೊರಟರೆ ಕ್ಲಬ್ ಹೊರಗಿನಿಂದ ಬರಲೇಬೇಕು. ಪಾಥ್ ಎಡಕ್ಕೆ ಹೋಗಲೇಬೇಕು.

ಫೇಸ್ ಮೇಲೆ ಚಾಕ್ ಪೀಸ್ ಉಜ್ಜಿ ಹೊಡೆದು ನೋಡಿದೆ. ಚೆಂಡಿನ ಗುರುತು ಹೀಲ್ (ಕ್ಲಬ್ ತಲೆಯಲ್ಲಿ ಹಿಡಿಗೆ ಹತ್ತಿರದ ಬದಿ) ಕಡೆ, ಎರಡು ರೂಪಾಯಿ ನಾಣ್ಯದಷ್ಟು ಅಗಲಕ್ಕೆ, ಒಂದರ ಮೇಲೊಂದು ಕೂತಿತ್ತು. ಡ್ರೈವರಿನಲ್ಲಿ ಹೀಲ್ ತಾಗಿದರೆ ಸ್ಲೈಸ್ ಇನ್ನೂ ಜಾಸ್ತಿಯಾಗುತ್ತದೆ. ಗಾಯದ ಮೇಲೆ ಬರೆ ಅಂದರೆ ಇದೇ ಅಲ್ವಾ.

ಕಾರಣವೇನೋ ಗೊತ್ತಾಯಿತು. ಗೊತ್ತಾದ ಮಾತ್ರಕ್ಕೆ ಮೈ ಕೇಳಬೇಕಲ್ಲ. ಬಲ ಮೊಣಕೈ ಒಳಗಿಡು, ಸೊಂಟ ಮೊದಲು ತಿರುಗಿಸು, ತಲೆ ಅಲುಗಿಸಬೇಡ ಅಂತ ನನಗೆ ನಾನೇ ಹೇಳಿಕೊಂಡೆ. ಡೌನ್‌ಸ್ವಿಂಗಿಗೆ ಇರುವುದು ಸೆಕೆಂಡಿನ ಕಾಲುಭಾಗಕ್ಕಿಂತ ಸ್ವಲ್ಪ ಜಾಸ್ತಿ ಸಮಯ. ಅಷ್ಟರಲ್ಲಿ ಮೂರು ಆರ್ಡರ್ ಯಾವ ಮೈ ಪಾಲಿಸುತ್ತದೆ? ಪ್ರತಿ ಸಲವೂ ಒಂದು ಸರಿಹೋಗುತ್ತಿತ್ತು, ಎರಡು ಕೆಡುತ್ತಿತ್ತು.

ಆಗ ನೆನಪಾದವರು ಅರ್ನೆಸ್ಟ್ ಜೋನ್ಸ್. ಇಂಗ್ಲೆಂಡಿನ ಗಾಲ್ಫ್ ಶಿಕ್ಷಕ. ಮೊದಲ ಮಹಾಯುದ್ಧದಲ್ಲಿ ಬಲಗಾಲಿನ ಮಂಡಿಯಿಂದ ಕೆಳಗಿನ ಭಾಗ ಕಳೆದುಕೊಂಡರು. ಆದರೂ ಚೆನ್ನಾಗಿ ಆಡುತ್ತಿದ್ದರು, ಮುಂದೆ ಅಮೆರಿಕಕ್ಕೆ ಹೋಗಿ ಬಹಳ ಜನಕ್ಕೆ ಕಲಿಸಿದರು. ಕರವಸ್ತ್ರದ ತುದಿಗೆ ಸಣ್ಣ ಚಾಕು ಕಟ್ಟಿ, ಅದನ್ನು ತೂಗಿ ತೋರಿಸುತ್ತಿದ್ದರು. ಹದವಾಗಿ ತೂಗಿದರೆ ಬಟ್ಟೆ ಬಿಗಿಯಾಗಿರುತ್ತದೆ, ಚಾಕು ದೊಡ್ಡ ಕಮಾನಿನಲ್ಲಿ ಹೋಗಿಬರುತ್ತದೆ. ಕೈಯಿಂದ ನೂಕಿದರೆ ಬಟ್ಟೆ ಸಡಿಲವಾಗುತ್ತದೆ. ಇಷ್ಟೇ ಪಾಠ. ಕ್ಲಬ್ಬಿನ ತಲೆಯನ್ನು ತೂಗಿ, ಮಿಕ್ಕ ಅಂಗಗಳು ತಾವಾಗಿ ಜೊತೆಗೆ ಬರುತ್ತವೆ ಅಂತ.

ಚಾಕು ಬೇಡ ಅನ್ನಿಸಿತು. ಮನೆ ಹಿತ್ತಿಲ ಬಾಗಿಲಿನ ಹಿತ್ತಾಳೆ ಬೀಗ ತಗೊಂಡೆ. ಹಳೇ ಸ್ನಾನದ ಟವೆಲ್ಲನ್ನು ಉದ್ದಕ್ಕೆ ಸುತ್ತಿ, ತುದಿಯಲ್ಲಿ ಬೀಗ ಇಟ್ಟು ಎರಡು ಗಂಟು ಹಾಕಿದೆ. ಕಡಿಮೆ ಖರ್ಚಿನ ಟ್ರೈನಿಂಗ್ ಏಡ್. ತಾರಸಿ ಮೇಲೆ ನಿಂತು, ಎರಡೂ ಕೈಯಲ್ಲಿ ಹಿಡಿದು, ಕ್ಲಬ್ಬಿನ ಹಾಗೇ ಬೀಸಿದೆ. ಮೇಲಿನಿಂದ ಅವಸರ ಮಾಡಿದ ಕೂಡಲೇ ಟವೆಲ್ ಸೊಂಟದ ಹತ್ತಿರ ಮಡಚಿಕೊಂಡು, ಬೀಗ ಬಂದು ಮೊಣಕಾಲಿಗೆ ಠಣ್ ಅಂತ ಬಡಿಯಿತು. ವಿಡಿಯೋ ಬೇಕಿಲ್ಲ, ಕೋಚ್ ಬೇಕಿಲ್ಲ. ತಪ್ಪಾದ ಕ್ಷಣದಲ್ಲೇ ಉತ್ತರ ಬರುತ್ತದೆ. ಅಮ್ಮ ಕೆಳಗಿನಿಂದ "ಹಿತ್ತಿಲ ಬಾಗಿಲ ಬೀಗ ಎಲ್ಲೋ?" ಅಂತ ಕೂಗುತ್ತಿದ್ದರು.

ದಸರಾಕ್ಕೆ ದೊಡ್ಡಪ್ಪ ಬಂದಿದ್ದರು. ಹಿರಿಯೂರು ಕಡೆಯವರು. ಚಿಕ್ಕಂದಿನಲ್ಲಿ ಜೋಳದ ಹೊಲದ ಅಟ್ಟಣೆ ಮೇಲೆ ನಿಂತು, ಕವಣೆ ಬೀಸಿ ಗಿಳಿ ಓಡಿಸಿದವರು. ತಾರಸಿಗೆ ಬಂದು ಸ್ವಲ್ಪ ಹೊತ್ತು ನೋಡಿದರು.

"ಕವಣೆ ಬೀಸೋದು ಕಲೀತಿದ್ದೀಯೇನೋ?"

"ಇಲ್ಲ ದೊಡ್ಡಪ್ಪ, ಗಾಲ್ಫ್ ಇದು."

"ಯಾವುದಾದ್ರೂ ಆಗ್ಲಿ. ಹಂಗಲ್ಲ ಕಣೋ. ನೀನು ಎಳೀತಾ ಇದ್ದೀಯ. ಕಲ್ಲು ಹಿಂದಕ್ಕೆ ಹೋಗಿ ಕೈಗೆ ತೂಕ ಸಿಗಬೇಕು. ತೂಕ ಸಿಗೋವರ್ಗೂ ಕಾಯಿ. ಸಿಕ್ಕಿದ ಮೇಲೆ ತಿರುಗು."

ಟವೆಲ್ ಇಸಕೊಂಡು, ಪಂಚೆ ಎತ್ತಿ ಕಟ್ಟಿ, ಒಂದು ಸಲ ಬೀಸಿದರು. ಎಪ್ಪತ್ತೆರಡು ವರ್ಷ ಅವರಿಗೆ. ಬೀಗ ಹಿಂದಕ್ಕೆ ಹೋಯಿತು. ಟವೆಲ್ ಒಂದು ಗಳಿಗೆ ನೆಟ್ಟಗೆ, ಸರಳಿನ ಹಾಗೆ ನಿಂತಿತು. ಆಗ ಅವರ ಎಡಗಾಲು ನೆಲ ಒತ್ತಿತು, ಸೊಂಟ ತಿರುಗಿತು, ಕೈ ಕೊನೆಗೆ ಬಂತು. ಸುಯ್ ಅನ್ನೋ ಸದ್ದು ಎಡಗಡೆ, ಚೆಂಡು ಇರಬೇಕಾದ ಜಾಗ ದಾಟಿದ ಮೇಲೆ ಕೇಳಿಸಿತು. ನಾನು ಹನ್ನೊಂದು ವಾರದಿಂದ ಮೊಣಕೈ, ಸೊಂಟ, ಭುಜ ಅಂತ ಬಿಡಿಬಿಡಿಯಾಗಿ ಜೋಡಿಸಲು ಹೆಣಗುತ್ತಿದ್ದ ಸಾಲು ಅವರ ಮೈಯಲ್ಲಿ ತಾನಾಗಿ ಬಂತು. ಅವರಿಗೆ ಯಾರೂ ಸೊಂಟದ ಬಗ್ಗೆ ಹೇಳಿಕೊಟ್ಟಿರಲಿಲ್ಲ. ಅವರು ನೋಡುತ್ತಿದ್ದದ್ದು ಕಲ್ಲನ್ನು ಮತ್ತು ಗಿಳಿಯನ್ನು.

ಅವತ್ತು ರಾತ್ರಿ ಒಂದು ಪದ ತಲೆಯಲ್ಲೇ ಕೂತಿತ್ತು. ಬೀಸು. ಕವಣೆ ಬೀಸುತ್ತೇವೆ, ಬಲೆ ಬೀಸುತ್ತೇವೆ, ಗಾಳಿ ಬೀಸುತ್ತದೆ, ರಾಗಿ ಬೀಸುತ್ತೇವೆ. ಎಲ್ಲದರಲ್ಲೂ ಒಂದು ಸುತ್ತು ಇದೆ, ತೂಕ ತಾನೇ ಹೋಗುವ ಒಂದು ಓಟ ಇದೆ. ಗಾಲ್ಫಿಗೆ ಮಾತ್ರ ನಾವೆಲ್ಲ "ಚೆಂಡು ಹೊಡಿ" ಅನ್ನುತ್ತೇವೆ. ಚಿಕ್ಕಂದಿನಿಂದ ಕ್ರಿಕೆಟ್ ಆಡಿದ ಕೈಗೆ ಹೊಡಿ ಅಂದರೆ ಒಂದೇ ಅರ್ಥ. ಅದಕ್ಕೇ ಈಗ ಟೀ ಹತ್ತಿರ ಹೋದಾಗ ಮನಸ್ಸಿನಲ್ಲಿ ಬೀಸು ಅನ್ನೋ ಪದ ಒಂದೇ. ಚೆಂಡು ಬೀಸಿನ ದಾರಿಯಲ್ಲಿ ಕೂತಿರುತ್ತದೆ, ಅಷ್ಟೇ.

ಇದು ಬರೀ ನನ್ನ ಅನುಭವ ಅಲ್ಲ. ಗಮನ ಎಲ್ಲಿಡಬೇಕು ಅನ್ನೋದರ ಬಗ್ಗೆ ಗೇಬ್ರಿಯೆಲ್ ವುಲ್ಫ್ ಎಂಬ ಸಂಶೋಧಕಿ ಬಹಳ ಕೆಲಸ ಮಾಡಿದ್ದಾರೆ. 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಗಾಲ್ಫ್ ಹೊಸದಾಗಿ ಕಲಿಯುವವರಿಗೆ ಪಿಚ್ ಶಾಟ್ (ಹತ್ತಿರದ ಗುರಿಗೆ ಚೆಂಡನ್ನು ಎತ್ತಿ ಹೊಡೆಯೋದು) ಕಲಿಸಿದರು. ಅರ್ಧ ಜನಕ್ಕೆ ತೋಳುಗಳು ಹೇಗೆ ತೂಗುತ್ತವೆ ಅಂತ ಗಮನಿಸಲು ಹೇಳಿದರು, ಇನ್ನರ್ಧಕ್ಕೆ ಕ್ಲಬ್ ಹೇಗೆ ತೂಗುತ್ತದೆ ಅಂತ. ಕ್ಲಬ್ ಗಮನಿಸಿದವರ ಗುರಿ ಉತ್ತಮವಾಗಿತ್ತು. ಮರುದಿನ ಏನೂ ಹೇಳದೆ ಪರೀಕ್ಷಿಸಿದಾಗಲೂ ಅವರೇ ಮುಂದಿದ್ದರು.

ನಾನೂ ರೇಂಜಿನಲ್ಲಿ ಲೆಕ್ಕ ಇಟ್ಟೆ. ದೂರದ ಎರಡು ಕಂಬಗಳ ನಡುವೆ ಬಿದ್ದರೆ ಒಂದು ಅಂಕ. ಮೊಣಕೈ ಬಗ್ಗೆ ಯೋಚಿಸುತ್ತಾ ಇಪ್ಪತ್ತು ಚೆಂಡು: ಆರು ಅಂಕ. ಕ್ಲಬ್ಬಿನ ತಲೆಯ ತೂಕ ಕೈಗೆ ಸಿಗೋವರೆಗೆ ಕಾದು ಇಪ್ಪತ್ತು: ಹದಿಮೂರು. ಮೂರನೆಯದು ನನಗೆ ತುಂಬ ಇಷ್ಟವಾದ ಪ್ರಯೋಗ. ಚೆಂಡಿನ ಮುಂದೆ ಒಂದು ಗೇಣು ದೂರದಲ್ಲಿ ಖಾಲಿ ಟೀ ಚುಚ್ಚಿ, ಸುಯ್ ಸದ್ದು ಅದರ ಮೇಲೆ ಬರಬೇಕು ಅಂತ ಕಿವಿಯನ್ನು ಅಲ್ಲಿಟ್ಟೆ. ಹದಿನಾಲ್ಕು. ಆಮೇಲೆ ಮತ್ತೆ ವಿಡಿಯೋ ತೆಗೆದೆ, ಈ ಸಲ ಚೆಂಡಿಟ್ಟೇ. ಬ್ಯಾಕ್‌ಸ್ವಿಂಗ್ 201, ಡೌನ್‌ಸ್ವಿಂಗ್ 67. ಹೊಡೆಯುವ ಅವಸರವೆಲ್ಲ ಬಿಟ್ಟ ಮೇಲೆ, ಹೊಡೆದದ್ದಕ್ಕಿಂತ ಒಂದು ಫ್ರೇಮ್ ಬೇಗ! ಚಾಕ್ ಗುರುತು ಮಧ್ಯಕ್ಕೆ ಬಂದಿತ್ತು, ಒಂದೆರಡು ಕೂದಲೆಳೆ ಟೋ (ಹೀಲ್‌ಗೆ ಎದುರಿನ ತುದಿ) ಕಡೆಗೆ.

ಮಾಡಿ ನೋಡುವವರಿಗೆ ಒಂದು ಮಾತು. ಬೀಗವನ್ನು ಗಂಟಿನೊಳಗೇ ಮುಚ್ಚಿಡಿ, ಹೊರಗೆ ನೇತಾಡಿದರೆ ಜಾರಿ ಹಾರುತ್ತದೆ. ಮಕ್ಕಳು ಹತ್ತಿರ ಇರಬಾರದು. ದಿನಕ್ಕೆ ಮೂವತ್ತು ಸಲ ಸಾಕು, ಆಮೇಲೆ ಸುಸ್ತಾಗಿ ಮತ್ತೆ ಎಳೆಯಲು ಶುರು ಮಾಡುತ್ತೇವೆ. ಎಡಗೈ ಒಂದರಲ್ಲೇ ಹತ್ತು ಸಲ ಬೀಸಿದರೆ ತೂಕ ಇನ್ನೂ ಸ್ಪಷ್ಟವಾಗಿ ಸಿಗುತ್ತದೆ.

ಈ ನಡುವೆ ಮುಂದಿನ ಪ್ರಾಜೆಕ್ಟ್ ತಲೆ ಹೊಕ್ಕಿದೆ, ಹೇಳದೆ ಇರಲಾರೆ. ಪಟ್ಟಿಂಗ್, ಅಂದರೆ ಚೆಂಡನ್ನು ನೆಲದ ಮೇಲೆ ಉರುಳಿಸಿ ಗುಳಿಗೆ ಹಾಕೋದು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೇ ಸ್ಥಾನಕ್ಕೆ ಬಂದರು. ಪದಕದ ಪ್ಲೇಆಫ್ ತಪ್ಪಿದ್ದು ಒಂದೇ ಶಾಟಿನಲ್ಲಿ. ಆ ನಾಲ್ಕು ದಿನ ಬೇರೆಯವರು ಡ್ರೈವರಿನಲ್ಲಿ ಅವರಿಗಿಂತ ಎಷ್ಟೋ ದೂರ ಹೋಗುತ್ತಿದ್ದರು. ಅವರನ್ನು ಮೇಲೆ ಉಳಿಸಿದ್ದು ಪಟ್ಟರ್. ಕೊನೇ ದಿನ ಬೆಳಗಿನ ಜಾವ ಎದ್ದು ನಮ್ಮ ಮನೆಯವರೆಲ್ಲ ಟೀವಿ ಮುಂದೆ ಕೂತಿದ್ದೆವು. ಗಾಲ್ಫ್ ಅಂದರೆ ಏನು ಅಂತ ಗೊತ್ತಿಲ್ಲದ ಅಮ್ಮ ಕೂಡ ಕೈ ಮುಗಿದುಕೊಂಡು ನೋಡಿದರು. ಈಗಲೂ ನೆನೆದರೆ ಗಂಟಲು ಕಟ್ಟುತ್ತದೆ.

ಅದಕ್ಕೇ ನಮ್ಮ ಹಾಲ್‌ನ ಕೆಂಪು ಗಾರೆ ನೆಲದ ಮೇಲೆ ಕಾರ್ಪೆಟ್ ಹಾಸಿ ಹನ್ನೆರಡು ಅಡಿಯ ಪಟ್ಟಿಂಗ್ ಪಟ್ಟಿ ಮಾಡುವ ಯೋಚನೆ. ಅದರ ವೇಗ ಅಳೆಯಲು ಸ್ಟಿಂಪ್‌ಮೀಟರ್ ನಾನೇ ಮಾಡುತ್ತೇನೆ. 36 ಇಂಚಿನ ಅಲ್ಯೂಮಿನಿಯಂ ಆಂಗಲ್, ಕೆಳತುದಿಯಿಂದ 30 ಇಂಚಿಗೆ ಒಂದು ಗೀಟು. ಸುಮಾರು 20 ಡಿಗ್ರಿ ಎತ್ತಿದಾಗ ಚೆಂಡು ಆ ಗೀಟಿನಿಂದ ಜಾರಬೇಕು. ಎಷ್ಟು ಅಡಿ ಉರುಳಿತೋ ಅದೇ ವೇಗ. ಆಂಗಲ್ ತಂದಿದ್ದೇನೆ. ಅಂಗಡಿಯವನು 36 ಅಂದರೆ 35 ಕಾಲು ಕೊಯ್ದು ಕೊಟ್ಟಿದ್ದಾನೆ, ಇನ್ನೊಮ್ಮೆ ಹೋಗಬೇಕು. ಈ ವ್ಯಾಪಾರಿಗಳಿಗೆ ಟೇಪ್ ಹಿಡಿದು ಅಳೆಯಲು ಏನು ಕಷ್ಟವೋ!

ಇರಲಿ, ಭಾನುವಾರಕ್ಕೆ ಬರುತ್ತೇನೆ. ಮೈಸೂರು, ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್. ಗೆಳೆಯರೊಬ್ಬರು ಅತಿಥಿಯಾಗಿ ಕರೆದಿದ್ದರು. ರೇಸ್‌ಕೋರ್ಸಿನ ಬಯಲು, ಹಿಂದೆ ಚಾಮುಂಡಿ ಬೆಟ್ಟ, ಹುಲ್ಲಿನ ಮೇಲೆ ಇಬ್ಬನಿ. ಮೊದಲ ಟೀ (ಆಟ ಶುರುವಾಗುವ ಜಾಗ) ಹತ್ತಿರ ಆರು ಜನ ನಿಂತಿದ್ದರು. ಮೊದಲ ಡ್ರೈವಿಗೇ ಹಳೇ ಕೈ ವಾಪಸ್ ಬಂತು, ಚೆಂಡು ಬಲಕ್ಕೆ ಹೋಯಿತು. ಕ್ಯಾಡಿ (ಬ್ಯಾಗ್ ಹೊರುವವನು) ಏನೂ ಅನ್ನಲಿಲ್ಲ. ಎರಡನೇ ಟೀಗೆ ನಡೆಯುವಾಗ ಬ್ಯಾಗಿನಿಂದ ಟವೆಲ್ ತೆಗೆದು ನಾಲ್ಕು ಸಲ ಬೀಸಿದೆ. ಕ್ಯಾಡಿ ಹತ್ತಿರ ಬಂದು ಗಂಟು ಮುಟ್ಟಿ ನೋಡಿ, "ಒಳಗೇನು ಸಾರ್, ಬೀಗನಾ?" ಅಂದ. ಕಾರಣ ಹೇಳಿದೆ. ತಾನೂ ಒಂದು ಸಲ ಬೀಸಿ, "ಸರಿಯಾಗಿದೆ, ಕಾಯೋ ಹಾಗೆ ಮಾಡುತ್ತೆ ಇದು" ಅಂದ.

ಒಂಬತ್ತು ಡ್ರೈವ್‌ಗೆ ಫೇರ್‌ವೇ (ಹುಲ್ಲು ಕತ್ತರಿಸಿದ ದಾರಿ) ಸಿಕ್ಕಿತು. ಮೂರು ಎಡಗಡೆ ರಫ್ (ಎತ್ತರದ ಹುಲ್ಲು). ಎರಡನೇ ಸ್ಲೈಸ್ ಬಂದದ್ದು ಹದಿನೇಳನೇ ಹೋಲ್‌ನಲ್ಲಿ, ಸುಸ್ತಾಗಿದ್ದಾಗ. ಹದಿನೆಂಟರಲ್ಲಿ ಕಾದೆ. ಮೇಲೆ ಹೋದ ಕ್ಲಬ್ಬಿನ ತೂಕ ಎಡಗೈ ಕಿರುಬೆರಳಿಗೆ ಸಿಕ್ಕಿತು, ಆಮೇಲೆ ತಿರುಗಿದೆ. ಚೆಂಡು ಸ್ವಲ್ಪ ಬಲಕ್ಕೆ ಹೊರಟು ಮೆಲ್ಲಗೆ ಎಡಕ್ಕೆ ಬಾಗಿ ಫೇರ್‌ವೇ ನಡುವೆ ಬಿತ್ತು. ಡ್ರಾ! ಕ್ಲಬ್ ಕೆಳಗಿಳಿಸಲು ಮರೆತು ಹಾಗೇ ನಿಂತಿದ್ದೆ.

ರಾತ್ರಿ ದೊಡ್ಡಪ್ಪನಿಗೆ ಫೋನ್ ಮಾಡಿ ಹೇಳಿದೆ. "ಗಿಳಿ ಹಾರ್ತಾ?" ಅಂದರು. ಹಾರಿತು ಅಂದೆ. ಸಂಕ್ರಾಂತಿಗೆ ಬರುವಾಗ ನಿಜವಾದ ಕವಣೆ ತರುತ್ತಾರಂತೆ. ಬೀಗ ಅಮ್ಮನಿಗೆ ವಾಪಸ್ ಕೊಟ್ಟಿದ್ದೇನೆ, ಟವೆಲ್ಲಿಗೆ ಬೇರೆ ಬೀಗ ತಗೋಬೇಕು.